ಕಿಂಗ್ ಸಾಲ್ಮನ್ ಗೈಡ್ ಟ್ರಿಪ್: ನದಿ ಮೊದಲು, ದೋಣಿ ಆಮೇಲೆ

ಕಿಂಗ್ ಸಾಲ್ಮನ್ ಹಿಡಿಯಲು ಗೈಡ್ ಹುಡುಕುವವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಫೋಟೊ, ಆಮೇಲೆ ದರ, ಆಮೇಲೆ ತಮಗೆ ರಜೆ ಸಿಗುವ ವಾರ. ಅಷ್ಟರಲ್ಲಿ ನದಿ ಯಾವುದೆಂದು ತಾನಾಗಿ ತೀರ್ಮಾನವಾಗಿಬಿಟ್ಟಿರುತ್ತದೆ. ಹೀಗೆ ಹೋದರೆ ದುಡ್ಡು ಖರ್ಚಾಗುವುದು ಖಂಡಿತ, ಮೀನು ಸಿಗುವುದು ಮಾತ್ರ ಅದೃಷ್ಟ. ಆ ನದಿ ಈ ವರ್ಷ ತೆರೆದಿದೆಯೇ, ಮೀನು ಯಾವ ವಾರ ಅಲ್ಲಿರುತ್ತದೆ, ನಿಮಗೆ ಬೇಕಾದ್ದು ಅಡುಗೆಗೆ ಮೀನೋ ರಾಡ್ ತುದಿಯ ಜಗ್ಗಾಟವೋ? ಈ ಮೂರು ತಿಳಿದ ಮೇಲೆ ದೋಣಿಯ ಮಾತು. ಗೈಡ್ ಯಾರು ಎಂಬುದು ಅದಕ್ಕೂ ಆಮೇಲೆ.

ಇಲ್ಲಿ ಹೋಲಿಸಿರುವುದು ಅಮೆರಿಕದ ನದಿಗಳನ್ನು: ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳ ಕೊಲಂಬಿಯಾ ನದಿ, ಅಲಾಸ್ಕಾದ ಹೊಳೆಗಳು, ಪೂರ್ವದ ಮಹಾಸರೋವರಗಳಿಗೆ ಸೇರುವ ನದಿಗಳು. ಸಿಯಾಟಲ್, ಪೋರ್ಟ್‌ಲ್ಯಾಂಡ್, ನ್ಯೂಜೆರ್ಸಿ ಕಡೆಯ ಕನ್ನಡಿಗರು ಇವುಗಳಲ್ಲಿ ಕೆಲವಕ್ಕೆ ವಿಮಾನ ಹತ್ತದೆ ಕಾರಿನಲ್ಲೇ ಹೋಗಿಬರಬಹುದು.

ಹಸಿವಿಲ್ಲದ ಮೀನು

ಚಿನೂಕ್ ಎಂದೂ ಕರೆಯುವ ಕಿಂಗ್, ಪೆಸಿಫಿಕ್ ಸಾಲ್ಮನ್‌ಗಳಲ್ಲೆಲ್ಲ ದೊಡ್ಡದು. ಹೊಳೆಯಲ್ಲಿ ಹುಟ್ಟಿ, ಕೆಲವು ವರ್ಷ ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೇ ಮರಳಿ, ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ. ಸಿಹಿನೀರಿಗೆ ಬಂದ ಮೇಲೆ ಅದು ಊಟ ನಿಲ್ಲಿಸುತ್ತದೆ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಯಲ್ಲಿ ರಾಗಿ ಉಂಡೆ ಕಟ್ಟಿ ಮಹಶೀರ್‌ಗೆ ಕಾಯುತ್ತಿದ್ದ ಕಾಲವನ್ನು ಬಲ್ಲವರು ಈ ವ್ಯತ್ಯಾಸವನ್ನು ಮೊದಲು ತಲೆಗೆ ಹಾಕಿಕೊಳ್ಳಬೇಕು. ಮಹಶೀರ್ ತಿನ್ನಲು ಬರುತ್ತದೆ. ಕಿಂಗ್ ಕಚ್ಚುವುದು ಸಮುದ್ರದ ಹಳೆಯ ರೂಢಿಯಿಂದ, ಇಲ್ಲವೇ ದಾರಿಗೆ ಅಡ್ಡ ಬಂದದ್ದರ ಮೇಲಿನ ಸಿಟ್ಟಿನಿಂದ.

ಆಯ್ಕೆಯ ದೃಷ್ಟಿಯಿಂದ ಇದರ ಅರ್ಥ ಇಷ್ಟು: ಸಮುದ್ರದಿಂದ ಆಗಷ್ಟೇ ಬಂದು ಮೇಲಕ್ಕೆ ಸಾಗುತ್ತಿರುವ ಮೀನು ಚೆನ್ನಾಗಿ ಕಚ್ಚುತ್ತದೆ. ಮಡುವಿನಲ್ಲಿ ವಾರಗಟ್ಟಲೆ ನಿಂತು ಬಣ್ಣ ಕಪ್ಪಾದದ್ದು ಕಣ್ಣೆದುರೇ ಇದ್ದರೂ ಬಾಯಿ ತೆರೆಯುವುದಿಲ್ಲ. ಹಿಂಡು ದಾಟುವ ಎರಡು ವಾರ ತಪ್ಪಿದರೆ ಒಳ್ಳೆಯ ಗೈಡ್ ಕೂಡ ಕೈಚೆಲ್ಲುತ್ತಾನೆ, ಅದೇ ಎರಡು ವಾರದಲ್ಲಿ ಸಾಧಾರಣ ಗೈಡ್‌ನ ದೋಣಿಗೂ ಮೀನು ಬೀಳುತ್ತದೆ. ಹಾಗಾಗಿ ರಜೆಗೆ ತಕ್ಕಂತೆ ನದಿ ಹುಡುಕುವುದಕ್ಕಿಂತ ನದಿಗೆ ತಕ್ಕಂತೆ ರಜೆ ಹಾಕುವುದು ಜಾಣತನ.

ನದಿ ತೆರೆದಿದೆಯೇ?

ಗಾಳದಲ್ಲಿ ಸಿಕ್ಕ ಕಿಂಗ್‌ಗಳ ವಿಶ್ವದಾಖಲೆ ಅಲಾಸ್ಕಾದ ಕೀನೈ ನದಿಯದು. 1985ರ ಮೇ 17ರಂದು ಲೆಸ್ ಆಂಡರ್ಸನ್ ಹಿಡಿದ ಆ ಮೀನು 97 ಪೌಂಡ್ 4 ಔನ್ಸ್ ತೂಗಿತ್ತು, ಅಂದರೆ 44 ಕಿಲೋ. ಆ ಹೆಸರಿನ ಬಲದ ಮೇಲೆ ಕೀನೈ ಇಂದಿಗೂ ಮಾರಾಟವಾಗುತ್ತದೆ. ಆದರೆ 2023, 2024, 2025ರ ಬೇಸಿಗೆಗಳಲ್ಲಿ ಅಲ್ಲಿ ಕಿಂಗ್ ಹಿಡಿಯಲು ಅನುಮತಿಯೇ ಇರಲಿಲ್ಲ. ಮರಳಿ ಬರುವ ಮೀನು ಅಷ್ಟು ಕಡಿಮೆಯಾಗಿದೆ. ಗೈಡ್‌ಗಳು ಸುಮ್ಮನೆ ಕೂತಿಲ್ಲ, ಸಾಕೈ ಮತ್ತು ಕೋಹೊ ಎಂಬ ಬೇರೆ ಜಾತಿಯ ಸಾಲ್ಮನ್ ಟ್ರಿಪ್ ನಡೆಸುತ್ತಿದ್ದಾರೆ, ಅವೂ ಒಳ್ಳೆಯ ಟ್ರಿಪ್‌ಗಳೇ. ತೊಂದರೆ ಇರುವುದು ಜಾಹೀರಾತಿನಲ್ಲಿ: ಫೋಟೊ ಹತ್ತು ವರ್ಷ ಹಿಂದಿನ ಕಿಂಗ್‌ನದು, ಮಾರುತ್ತಿರುವುದು ಆರು ಪೌಂಡಿನ ಸಾಕೈ. ‘ಸಾಲ್ಮನ್ ಟ್ರಿಪ್’ ಎಂದಷ್ಟೇ ಬರೆದಿದ್ದರೆ ಯಾವ ಸಾಲ್ಮನ್ ಎಂದು ಕೇಳಿ.

ಕೀನೈ ಒಂದೇ ಅಲ್ಲ. ಯೂಕಾನ್ ನದಿಯ ಕಿಂಗ್‌ಗೆ 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷದ ತಡೆ ಹಾಕಿಕೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ 2023 ಮತ್ತು 2024ರಲ್ಲಿ ಸಮುದ್ರ, ಸ್ಯಾಕ್ರಮೆಂಟೊ ನದಿ ಎರಡೂ ಮುಚ್ಚಿದ್ದವು, ಬೇ ಏರಿಯಾದವರು ಉತ್ತರಕ್ಕೆ ಹೋಗಬೇಕಾಯಿತು. ತೆರೆದ ನದಿಯೂ ನಡು ಸೀಸನ್‌ನಲ್ಲಿ ತುರ್ತು ಆದೇಶದಿಂದ ಒಂದೆರಡು ದಿನದ ನೋಟಿಸ್‌ನಲ್ಲಿ ಮುಚ್ಚಬಹುದು. ಮುಂಗಡ ಕಟ್ಟುವ ಮೊದಲು ಆ ರಾಜ್ಯದ ಮೀನುಗಾರಿಕೆ ಇಲಾಖೆಯ ತಾಣದಲ್ಲಿ ಈ ವರ್ಷದ ನಿಯಮ ಮತ್ತು ತುರ್ತು ಆದೇಶಗಳನ್ನು ನೀವೇ ಓದಿ. ಗೈಡ್ ಹೇಳಿದ್ದು ಸಾಲದು.

ಕೊಲಂಬಿಯಾ: ಒಂದೇ ನದಿ, ಮೂರು ಬೇರೆ ಟ್ರಿಪ್

ಮೊದಲ ಸಲ ಹೋಗುವವರಿಗೆ ನಮ್ಮ ಶಿಫಾರಸು ಕೊಲಂಬಿಯಾ. ಮೀನುಮರಿ ಬೆಳೆಸುವ ಮರಿಕೇಂದ್ರಗಳಿಂದ ಬಿಟ್ಟ ಮೀನು ಇಲ್ಲಿ ಸಾಕಷ್ಟಿದೆ, ಲೆಕ್ಕ ಬಹಿರಂಗವಾಗಿದೆ, ರಸ್ತೆ ಹೋಟೆಲು ಎಲ್ಲ ಹತ್ತಿರ. ಆದರೆ ‘ಕೊಲಂಬಿಯಾ ಟ್ರಿಪ್’ ಎಂಬುದೊಂದು ಇಲ್ಲ, ಇರುವುದು ಮೂರು.

ವಸಂತದ್ದು ಮೊದಲನೆಯದು. ಮಾರ್ಚ್‌ನಿಂದ ಮೇವರೆಗೆ ಕೆಳಗಿನ ಕೊಲಂಬಿಯಾಕ್ಕೂ ಪೋರ್ಟ್‌ಲ್ಯಾಂಡ್ ನಗರದ ನಡುವೆಯೇ ಹರಿಯುವ ಅದರ ಉಪನದಿ ವಿಲಾಮೆಟ್‌ಗೂ ‘ಸ್ಪ್ರಿಂಗರ್’ ಎನ್ನುವ ವಸಂತದ ಕಿಂಗ್ ಬರುತ್ತದೆ. ಬೇಸಿಗೆಯೆಲ್ಲ ಉಪವಾಸವಿದ್ದು ಶರತ್ಕಾಲದಲ್ಲಿ ಮೊಟ್ಟೆಯಿಡಬೇಕಾದ ಮೀನು ಇದು, ಆದ್ದರಿಂದ ಮೈತುಂಬ ಕೊಬ್ಬು ಹೊತ್ತು ಬರುತ್ತದೆ. ತಿನ್ನಲು ಇದಕ್ಕಿಂತ ರುಚಿಯ ನದಿ ಸಾಲ್ಮನ್ ಇಲ್ಲ ಎಂದರೆ ಜಗಳಕ್ಕೆ ಬರುವವರು ಕಡಿಮೆ. ಆದರೆ ಸಂಖ್ಯೆ ಕಡಿಮೆ, ದಿನವಿಡೀ ಹೆರಿಂಗ್ ಮೀನನ್ನು ಎರೆಯಾಗಿ ಕಟ್ಟಿ ನಿಧಾನವಾಗಿ ಎಳೆದು ಇಡೀ ದೋಣಿಗೆ ಒಂದೋ ಎರಡೋ ಸಿಕ್ಕರೆ ಒಳ್ಳೆಯ ದಿನ. ಮಳೆ, ಚಳಿ ಬೇರೆ. ಬಾಲದ ಹತ್ತಿರ ಬೆನ್ನ ಮೇಲಿರುವ ಪುಟ್ಟ ಮಾಂಸಲ ರೆಕ್ಕೆ ಕತ್ತರಿಸಿದ್ದರೆ ಮಾತ್ರ ಅದು ಮರಿಕೇಂದ್ರದ ಮೀನು, ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಕಾಡುಮೀನು, ಬಿಡಲೇಬೇಕು. ದೊಡ್ಡ ಸಂಖ್ಯೆ ನಿರೀಕ್ಷಿಸುವವರಿಗೆ, ಮಕ್ಕಳಿಗೆ ಈ ಟ್ರಿಪ್ ಬೇಡ.

ಎರಡನೆಯದು ಅಳಿವೆಯದು. ಆಸ್ಟೋರಿಯಾ ಊರಿನ ಮುಂದೆ, ನದಿ ಸಮುದ್ರ ಸೇರುವಲ್ಲಿನ ಒಂದು ತೇಲುಗುರುತಿನ ಹೆಸರಿನಿಂದ ಇದನ್ನು ‘ಬಾಯ್ 10’ ಎನ್ನುತ್ತಾರೆ. ಆಗಸ್ಟ್ ಪೂರ್ತಿ ಇದರ ಕಾಲ. ಒಂದೇ ಬೆಳಗ್ಗೆ ನೂರಾರು ದೋಣಿಗಳು ಸೇರುತ್ತವೆ. ಇಲ್ಲಿ ಎಲ್ಲವೂ ಉಬ್ಬರ ಇಳಿತದ ಲೆಕ್ಕ: ಏರುವ ನೀರಿನ ಕೊನೆಯ ಗಂಟೆಗಳು, ತುಂಬಿ ನಿಂತ ನೀರು, ಇಳಿತದ ಮೊದಲ ಗಂಟೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ಸೆಳೆತ ಜೋರಾಗಿ ಸೀಸದ ತೂಕ ತಳದಲ್ಲಿ ನಿಲ್ಲುವುದಿಲ್ಲ, ಪಾಚಿ ಕಸ ದಾರಕ್ಕೆ ಸುತ್ತಿಕೊಳ್ಳುತ್ತದೆ, ಮೀನು ಊರಿನ ಮೇಲ್ಗಡೆಯ ಟಂಗ್ ಪಾಯಿಂಟ್ ಭೂಶಿರ ದಾಟಿ ಮೇಲಕ್ಕೆ ಹೋಗಿಬಿಡುತ್ತದೆ. ಅಷ್ಟಮಿಯ ಸುತ್ತಿನ ಮೆದು ಉಬ್ಬರದ ದಿನಗಳು ಹಿತ. ಆಗಸ್ಟ್‌ನ ದಿನಾಂಕ ಆರಿಸುವಾಗ ಪಂಚಾಂಗ ತೆಗೆದು ನೋಡಿದರೂ ಈ ಕೆಲಸ ಆಗುತ್ತದೆ.

ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದು ಇಳಿತದ ನೀರಿಗೆ ಎದುರಾದರೆ ಅಲೆ ಚೂಪಾಗಿ ನಿಲ್ಲುತ್ತದೆ. ನದಿಯೆಂದು ಹೋದವರಿಗೂ ಸಮುದ್ರದಂತೆ ಹೊಟ್ಟೆ ತೊಳಸುವುದು ಇಲ್ಲೇ. ವಾಂತಿಯ ಮಾತ್ರೆ ಹಿಂದಿನ ರಾತ್ರಿಯೇ ತೆಗೆದುಕೊಳ್ಳಬೇಕು, ತೊಳಸಲು ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ. ಮುಂದೆ ನದಿಬಾಯಿಯಲ್ಲಿರುವ ಕೊಲಂಬಿಯಾ ಬಾರ್ ಎಂಬ ಮರಳದಿಬ್ಬ ಹಡಗುಗಳನ್ನೇ ನುಂಗಿದ ಜಾಗ. ಗೈಡ್ ‘ಇವತ್ತು ಬೇಡ’ ಎಂದರೆ ಚರ್ಚೆ ಮಾಡಬೇಡಿ. ನಿಯಮಗಳೂ ಇಲ್ಲಿ ಚಂಚಲ: ಕೆಲವು ದಿನ ರೆಕ್ಕೆ ಕತ್ತರಿಸಿದ ಚಿನೂಕ್ ಮಾತ್ರ, ಕೆಲವು ದಿನ ಯಾವುದಾದರೂ, ಇನ್ನು ಕೆಲವು ದಿನ ಚಿನೂಕ್ ಇಲ್ಲವೇ ಇಲ್ಲ, ಕೋಹೊ ಮಾತ್ರ. ಬುಕ್ ಮಾಡುವ ನಿರ್ದಿಷ್ಟ ತಾರೀಖಿನ ನಿಯಮ ಏನೆಂದು ಕೇಳಿ.

ಮೂರನೆಯದು ಹ್ಯಾನ್‌ಫರ್ಡ್ ರೀಚ್, ಮೂರರಲ್ಲಿ ನಮ್ಮ ಒಲವು ಇದಕ್ಕೆ. ಪ್ರೀಸ್ಟ್ ರ್‍ಯಾಪಿಡ್ಸ್ ಅಣೆಕಟ್ಟಿನಿಂದ ರಿಚ್‌ಲ್ಯಾಂಡ್ ಹತ್ತಿರದವರೆಗೆ 51 ಮೈಲಿ, ಅಣೆಕಟ್ಟಿನ ಹಿನ್ನೀರಿಲ್ಲದೆ ಹರಿಯುವ ಭಾಗ. ಒಂದು ಕಾಲದಲ್ಲಿ ಅಣುಬಾಂಬಿಗೆ ಪ್ಲುಟೋನಿಯಂ ತಯಾರಿಸುತ್ತಿದ್ದ ರಿಯಾಕ್ಟರ್‌ಗಳು ದಡದಲ್ಲಿ ನಿಂತಿವೆ. ಆ ರಹಸ್ಯ ಪ್ರದೇಶಕ್ಕೆ ಯಾರನ್ನೂ ಬಿಡದ ಕಾರಣಕ್ಕೇ ದಡ ಕಟ್ಟಡ, ತೋಟಗಳಿಲ್ಲದೆ ಉಳಿಯಿತು, 2000ದಲ್ಲಿ ಅದು ರಾಷ್ಟ್ರೀಯ ಸ್ಮಾರಕವೂ ಆಯಿತು. ಶರತ್ಕಾಲದ ಚಿನೂಕ್ ಇಲ್ಲೇ ಕಲ್ಲುತಳದಲ್ಲಿ ಮೊಟ್ಟೆಯಿಡುತ್ತದೆ. ಸಮುದ್ರದಿಂದ 550 ಕಿಲೋಮೀಟರಿಗೂ ಹೆಚ್ಚು ಮೇಲೆ ಬಂದಿದ್ದರೂ ಸೆಪ್ಟೆಂಬರ್‌ನಲ್ಲಿ ಹಲವು ಮೀನುಗಳ ಮೈ ಇನ್ನೂ ಬೆಳ್ಳಗೇ ಇರುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಭರಾಟೆ. ತಿನ್ನಲು ಬೇಕಿದ್ದರೆ ಅದರ ಮೊದಲ ಅರ್ಧ ಆರಿಸಿ, ಅಕ್ಟೋಬರ್ ಸರಿದಂತೆ ಮಾಂಸ ಬಿಳಿಚಿ ಸಡಿಲವಾಗುತ್ತದೆ.

ಹ್ಯಾನ್‌ಫರ್ಡ್‌ನ ದೊಡ್ಡ ಅನುಕೂಲ ಮುಂಚಿತ ಸೂಚನೆ. ಬಾನವಿಲ್, ದ ಡ್ಯಾಲ್ಸ್, ಜಾನ್ ಡೇ, ಮ್ಯಾಕ್‌ನೇರಿ ಎಂಬ ನಾಲ್ಕು ಅಣೆಕಟ್ಟುಗಳ ಮೀನು ಏಣಿಗಳನ್ನು ಹತ್ತಿಯೇ ಮೀನು ಇಲ್ಲಿಗೆ ಬರಬೇಕು. ಪ್ರತಿ ಏಣಿಯಲ್ಲೂ ಎಣಿಕೆ ನಡೆಯುತ್ತದೆ, ಅಂಕಿಗಳು ದಿನಾ ಅಂತರ್ಜಾಲದಲ್ಲಿ ಸಿಗುತ್ತವೆ. ಮ್ಯಾಕ್‌ನೇರಿಯ ಅಂಕಿ ಏರಿದರೆ ಕೆಲವೇ ದಿನಗಳಲ್ಲಿ ರೀಚ್‌ನಲ್ಲಿ ಹೊಸ ಮೀನು ಎಂದು ಲೆಕ್ಕ. ಬಾಯ್ 10ಕ್ಕೆ ಈ ಸೌಲಭ್ಯವಿಲ್ಲ, ಬಾನವಿಲ್‌ನಲ್ಲಿ ಎಣಿಸುವಷ್ಟರಲ್ಲಿ ಆ ಮೀನು ಅಳಿವೆ ದಾಟಿ ಎಷ್ಟೋ ದಿನವಾಗಿರುತ್ತದೆ. ಹ್ಯಾನ್‌ಫರ್ಡ್‌ನ ತೊಡಕೆಂದರೆ ಪ್ರೀಸ್ಟ್ ರ್‍ಯಾಪಿಡ್ಸ್‌ನಿಂದ ಬಿಡುವ ನೀರು: ವಿದ್ಯುತ್ ಬೇಡಿಕೆಗೆ ತಕ್ಕಂತೆ ಮಟ್ಟ ದಿನದಲ್ಲೇ ಏರಿಳಿಯುತ್ತದೆ. ಬೆಳಗ್ಗೆ ಮುಳುಗಿದ್ದ ಕಲ್ಲು ಸಂಜೆ ಮೇಲೆದ್ದಿರುತ್ತದೆ, ಆ ಜಾಗ ಬಲ್ಲ ಗೈಡ್ ಬೇಕಾಗುವುದು ಇದಕ್ಕೇ. ಸಿಯಾಟಲ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆ, ಹತ್ತಿರದ ವಿಮಾನ ನಿಲ್ದಾಣ ಪಾಸ್ಕೊ.

ಅಲಾಸ್ಕಾ: ರಸ್ತೆಯದೋ, ವಿಮಾನದ್ದೋ

ರಸ್ತೆ ಇರುವ ಕಡೆ ನೋಡಬೇಕಾದ್ದು ಕಸಿಲೋಫ್ ನದಿ. ಆಂಕರೇಜ್‌ನಿಂದ ಸೊಲ್ಡಾಟ್ನಾಗೆ ಮೂರು ಗಂಟೆ, ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ. ಟಸ್ಟುಮೀನಾ ಸರೋವರದಿಂದ ಬರುವ ಹಿಮನದಿ ನೀರು, ಕಲ್ಲಿನ ನುಣ್ಣನೆ ಪುಡಿ ಬೆರೆತು ಹಾಲುಮಿಶ್ರಿತ ಹಸಿರು ಬಣ್ಣ. ಕ್ರುಕೆಡ್ ಕ್ರೀಕ್‌ನ ಮರಿಕೇಂದ್ರದ ಮೀನು ಜೂನ್‌ನಲ್ಲಿ ಬರುತ್ತದೆ. ಇಲ್ಲಿ ಹುಟ್ಟು ಹಾಕುವ ಡ್ರಿಫ್ಟ್ ದೋಣಿಯೇ ವಾಡಿಕೆ, ಎಂಜಿನ್ ಸದ್ದಿಲ್ಲ, ಒಂದು ದೋಣಿಗೆ ಮೂವರು. ಕೀನೈ ಮುಚ್ಚಿದಾಗ ಜನ ಇಲ್ಲಿಗೆ ತಿರುಗುವುದರಿಂದ ಜೂನ್‌ನ ಸೀಟು ಚಳಿಗಾಲದಲ್ಲೇ ಮುಗಿದಿರುತ್ತವೆ. ಎರೆ, ಕೊಕ್ಕೆಗಳ ಮೇಲಿನ ನಿರ್ಬಂಧ ವರ್ಷ ವರ್ಷ ಬದಲಾಗುತ್ತದೆ. ಎರೆ ನಿಷೇಧವಿರುವ ವಾರದಲ್ಲಿ ಕಚ್ಚುವಿಕೆ ಕಡಿಮೆಯೆಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಗೈಡ್‌ಗೆ ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಆಂಕರೇಜ್ ನಗರದೊಳಗೇ ಹರಿಯುವ ಶಿಪ್ ಕ್ರೀಕ್ ಇದೆ. ದಡದಲ್ಲಿ ನಿಂತು ಮರಿಕೇಂದ್ರದ ಕಿಂಗ್ ಹಿಡಿಯಬಹುದು, ರಾಡ್ ಬೂಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ನೀರಿಳಿದಾಗ ಕಾಣುವ ಕೆಸರಿಗೆ ಮಾತ್ರ ಕಾಲಿಡಬೇಡಿ. ಸಿಕ್ಕಿಕೊಂಡ ಕಾಲು ಬಿಡಿಸಿಕೊಳ್ಳುವ ಮೊದಲೇ ಉಬ್ಬರ ಮರಳಿ ಬರುತ್ತದೆ.

ವಿಮಾನದ ದಾರಿ ನುಶಗ್ಯಾಕ್ ನದಿಯದು. ಆಂಕರೇಜ್‌ನಿಂದ ಡಿಲಿಂಗ್‌ಹ್ಯಾಮ್, ಅಲ್ಲಿಂದ ನೀರಿನ ಮೇಲಿಳಿಯುವ ಪುಟ್ಟ ವಿಮಾನ ಅಥವಾ ದೋಣಿ, ದಡದ ಡೇರೆ ಶಿಬಿರದಲ್ಲಿ ನಾಲ್ಕೈದು ದಿನ. ಜೂನ್ ಮಧ್ಯದಿಂದ ಜುಲೈ ಮೊದಲ ವಾರ. ಇಲ್ಲಿ ಹೆಸರು ಗಾತ್ರಕ್ಕಲ್ಲ, ಸಂಖ್ಯೆಗೆ. ಹದಿನೈದು ಇಪ್ಪತ್ತು ಪೌಂಡಿನವು ಹೆಚ್ಚು, ಜೊತೆಗೆ ‘ಜ್ಯಾಕ್’ ಎನ್ನುವ ಸಣ್ಣ ಗಂಡುಗಳು. ಆದರೆ ಅಲಾಸ್ಕಾದ ಮೀನುಗಾರಿಕಾ ಮಂಡಳಿ ಈ ನದಿಯ ಕಿಂಗ್ ಅನ್ನೂ ಕಾಳಜಿಯ ಪಟ್ಟಿಗೆ ಸೇರಿಸಿ ನಿಯಮ ಬಿಗಿ ಮಾಡಿದೆ, ಹಳೆಯ ಬರಹಗಳ ‘ವರ್ಷಕ್ಕೆ ನಾಲ್ಕು ಮನೆಗೆ’ ಎಂಬ ಮಾತನ್ನು ನಂಬಿ ಹೋಗಬೇಡಿ. ಹಿಡಿದು ಬಿಡುವುದರಲ್ಲೇ ತೃಪ್ತಿಯಿದ್ದರೆ ಇದು ಸರಿ. ಫ್ರೀಜರ್ ತುಂಬಿಸಲು ಇಷ್ಟು ಖರ್ಚು ಮಾಡುವುದು ವ್ಯರ್ಥ. ಇನ್ನೊಂದು ಮಾತು: ಮಂಜು ಕವಿದರೆ ಪುಟ್ಟ ವಿಮಾನ ಹಾರುವುದಿಲ್ಲ. ಶಿಬಿರ ಮುಗಿದ ದಿನವೇ ಊರಿಗೆ ಟಿಕೆಟ್ ಇಟ್ಟುಕೊಂಡವರು ಅದನ್ನು ಕಳೆದುಕೊಳ್ಳುತ್ತಾರೆ, ನಡುವೆ ಒಂದು ದಿನ ಖಾಲಿ ಇರಲಿ.

ಪೂರ್ವದವರಿಗೆ

ಮಹಾಸರೋವರಗಳ ಕಿಂಗ್ ಅಲ್ಲಿಯದಲ್ಲ. ಮಿಷಿಗನ್ ರಾಜ್ಯ ಪೆಸಿಫಿಕ್‌ನಿಂದ ತಂದು 1967ರಲ್ಲಿ ಬಿಟ್ಟದ್ದು ಬೇರೂರಿತು. ಸಮುದ್ರದ ಬದಲು ಸರೋವರದಲ್ಲಿ ಬೆಳೆದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಳೆ ಹತ್ತುತ್ತದೆ. ನ್ಯೂಯಾರ್ಕ್ ರಾಜ್ಯದ ಪುಲಾಸ್ಕಿಯಲ್ಲಿ ಆಂಟೇರಿಯೊ ಸರೋವರಕ್ಕೆ ಹರಿಯುವ ‘ಸಾಲ್ಮನ್’ ಎಂಬ ಹೆಸರಿನ ನದಿ ನ್ಯೂಜೆರ್ಸಿಯಿಂದ ಐದು ಗಂಟೆಯೊಳಗೆ. ಮಿಷಿಗನ್‌ನ ಪೆರ್ ಮಾರ್ಕೆಟ್ ನದಿಯಲ್ಲಿ ಗರಿ, ನೂಲಿನಿಂದ ಹುಳುವಿನಂತೆ ಕಟ್ಟಿದ ಎರೆಯ ಫ್ಲೈ ಗಾಳಕ್ಕಷ್ಟೇ ಮೀಸಲಾದ ಪ್ರಸಿದ್ಧ ಭಾಗವಿದೆ.

ಜಗ್ಗಾಟಕ್ಕೆ ಇವು ಅಗ್ಗದ, ಹತ್ತಿರದ ದಾರಿ. ಊಟಕ್ಕಲ್ಲ. ಹೊಳೆ ಗಿಡ್ಡ, ಮೀನು ಬರುವಾಗಲೇ ಅರ್ಧ ಕಪ್ಪಾಗಿರುತ್ತದೆ, ಜೊತೆಗೆ ಆಂಟೇರಿಯೊ ಸರೋವರದ ಮೀನು ಎಷ್ಟು ತಿನ್ನಬಹುದು ಎಂಬುದಕ್ಕೆ ಆರೋಗ್ಯ ಇಲಾಖೆಯ ಮಿತಿಗಳಿವೆ, ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಇನ್ನೂ ಕಟ್ಟುನಿಟ್ಟು. ಮೀನಿನ ಮೈಗೆ ಕೊಕ್ಕೆ ಸಿಕ್ಕಿಸಿ ಎಳೆಯುವ ಹಳೆಯ ಚಾಳಿ ಪುಲಾಸ್ಕಿಯಲ್ಲಿ 1995ರಿಂದ ನಿಷಿದ್ಧ. ಬಾಯಿಗೆ ಸಿಕ್ಕದ್ದು ಮಾತ್ರ ಲೆಕ್ಕ, ಉಳಿದದ್ದನ್ನು ಬಿಡಬೇಕು. ಬೆನ್ನಿಗೆ ಸಿಕ್ಕ ಮೀನನ್ನೂ ‘ಪರವಾಗಿಲ್ಲ’ ಎಂದು ಚೀಲಕ್ಕೆ ಹಾಕುವ ಗೈಡ್ ಸಿಕ್ಕರೆ, ದಂಡ ಬೀಳುವುದು ಪರವಾನಗಿ ಹಿಡಿದ ನಿಮ್ಮ ಮೇಲೆ.

ದೋಣಿ

ಡ್ರಿಫ್ಟ್ ದೋಣಿ ಇಬ್ಬರು ಮೂವರಿಗೆ, ಹುಟ್ಟಿನದು, ಮೇಲಿಂದ ಇಳಿದು ಕೆಳಗೆ ಮುಗಿಯುವ ಒಮ್ಮುಖ ಪ್ರಯಾಣ. ಶಾಂತ, ಗೈಡ್‌ನ ಗಮನ ಪೂರ್ತಿ ನಿಮ್ಮ ಮೇಲೆ. ಆದರೆ ಮೀನಿಲ್ಲದ ಜಾಗ ಬಿಟ್ಟು ಮರಳಿ ಮೇಲೆ ಹೋಗುವಂತಿಲ್ಲ, ನಡುವೆ ಯಾರಿಗಾದರೂ ಅನಾರೋಗ್ಯವಾದರೂ ಕೆಳಗಿನ ಘಟ್ಟದವರೆಗೆ ಸಾಗಲೇಬೇಕು. ಜೆಟ್ ಸ್ಲೆಡ್ ಅಗಲ ತಳದ ಅಲ್ಯುಮಿನಿಯಂ ದೋಣಿ, ನಾಲ್ಕರಿಂದ ಆರು ಮಂದಿಗೆ. ಪ್ರೊಪೆಲರ್ ಬದಲು ನೀರು ಚಿಮ್ಮುವ ಜೆಟ್ ಇರುವುದರಿಂದ ಕಲ್ಲುತಳದ ಆಳವಿಲ್ಲದ ನೀರಿನಲ್ಲೂ ಓಡುತ್ತದೆ, ಮೀನಿದ್ದಲ್ಲಿಗೆ ಹತ್ತು ಸಲ ಮರಳಬಹುದು. ಗದ್ದಲ, ಚಳಿಗಾಳಿ ಜೊತೆಗೆ ಬರುತ್ತವೆ. ಆರು ಜನರಿದ್ದರೆ ಒಬ್ಬರ ಮೀನು ಬಂದಾಗ ಉಳಿದ ಐವರು ದಾರ ಸುತ್ತಿಕೊಂಡು ಕೂರಬೇಕು. ನಾಲ್ಕು ಜನರಿಗಿಂತ ಹೆಚ್ಚು ಹತ್ತಿಸುವ ಸ್ಲೆಡ್‌ಗೆ ನಮ್ಮ ಮತವಿಲ್ಲ. ಬಾಯ್ 10ರಲ್ಲಿ ಮಾತ್ರ ದೊಡ್ಡ, ಎತ್ತರದ ಅಂಚಿನ, ಛಾವಣಿಯ ದೋಣಿಯೇ ಬೇಕು.

ತಂದೆ ತಾಯಿಯನ್ನು, ಮಕ್ಕಳನ್ನು ಕರೆದೊಯ್ಯುವವರು ಸಂಕೋಚ ಬಿಟ್ಟು ಕೇಳಬೇಕಾದ ಪ್ರಶ್ನೆ ಒಂದಿದೆ: ದೋಣಿಯಲ್ಲಿ ಶೌಚಾಲಯ ಇದೆಯೇ? ಡ್ರಿಫ್ಟ್ ದೋಣಿಯಲ್ಲಿ ಇರುವುದಿಲ್ಲ, ದಡಕ್ಕೆ ಹಚ್ಚಬೇಕು. ಸ್ಲೆಡ್‌ಗಳಲ್ಲಿ ಕೆಲವಕ್ಕೆ ಬಕೆಟ್ಟೇ ಗತಿ. ಎಂಟು ಗಂಟೆಯ ದಿನದಲ್ಲಿ ಇದು ಮೀನಿಗಿಂತ ದೊಡ್ಡ ವಿಷಯವಾಗುತ್ತದೆ. ಮಕ್ಕಳ ತೂಕ ಮೊದಲೇ ತಿಳಿಸಿ, ಸರಿಯಳತೆಯ ಲೈಫ್ ಜಾಕೆಟ್ ಎಲ್ಲ ದೋಣಿಯಲ್ಲೂ ಇರುವುದಿಲ್ಲ.

ಗಾಳ ಹಾಕುವ ಬಗೆ, ತಪ್ಪುವ ಬಗೆ

ಹೊಸಬರಿಗೆ ಸುಲಭವಾದವು ಸಾಗುವ ದೋಣಿಯ ಹಿಂದೆ ಎರೆ ಎಳೆಯುವ ಟ್ರೋಲಿಂಗ್ ಮತ್ತು ಬ್ಯಾಕ್‌ಟ್ರೋಲಿಂಗ್, ಏಕೆಂದರೆ ಎರಡರಲ್ಲೂ ರಾಡ್ ಕೈಯಲ್ಲಲ್ಲ, ದೋಣಿಯ ಅಂಚಿನ ಹಿಡಿಕೆಯಲ್ಲಿ ಕೂತಿರುತ್ತದೆ. ಕೊಲಂಬಿಯಾದಲ್ಲಿ ಸಾಮಾನ್ಯ ಜೋಡಣೆ ಹೀಗೆ: ಎಂಟರಿಂದ ಹದಿನಾರು ಔನ್ಸ್ ಸೀಸ, ಅದರ ಹಿಂದೆ ಸುತ್ತು ಹೊಡೆಯುವ ತ್ರಿಕೋನ ‘360’ ಫ್ಲ್ಯಾಷರ್ ಎಂಬ ಮಿನುಗುಪಟ್ಟಿ, ಅದರ ಹಿಂದೆ ತಿರುಗುವ ಎರೆಯಾದ ಸ್ಪಿನ್ನರ್, ಹೆರಿಂಗ್ ಅಥವಾ ಟ್ಯೂನಾ ತುಂಬಿದ ಪ್ಲಾಸ್ಟಿಕ್ ಎರೆ. ರೀಲ್‌ಗೆ ಅಡಿ ಎಣಿಸುವ ಮೀಟರ್ ಇರಲೇಬೇಕು. ಪಕ್ಕದವನಿಗೆ ಮೀನು ಬಿದ್ದ ಆಳ ಗೊತ್ತಾದರೆ ತಾನೇ ನೀವೂ ಅದೇ ಆಳಕ್ಕೆ ಬಿಡುವುದು.

ಬ್ಯಾಕ್‌ಟ್ರೋಲಿಂಗ್‌ನಲ್ಲಿ ದೋಣಿಯ ಮೂತಿ ಹರಿವಿಗೆದುರು, ಎಂಜಿನ್ ಅಥವಾ ಹುಟ್ಟಿನಿಂದ ಹರಿವಿಗಿಂತ ನಿಧಾನವಾಗಿ ಹಿಂದಕ್ಕೆ ಜಾರಿಸುತ್ತಾರೆ. ಮುಂದೆ ಹೋಗುವ ಕ್ವಿಕ್‌ಫಿಶ್ ಪ್ಲಗ್ ಮೀನಿನಾಕಾರದ ಕೃತಕ ಎರೆ, ಕೆ-15 ಅಥವಾ ಕೆ-16 ಅಳತೆಯದು, ಅದರ ಹೊಟ್ಟೆಗೆ ಸಾರ್ಡೀನ್ ಅಂದರೆ ಭೂತಾಯಿಯ ಜಾತಿಯ ಮೀನಿನ ಹೋಳು ದಾರದಿಂದ ಸುತ್ತಿರುತ್ತದೆ. ಸುತ್ತಿದ ಹೋಳು ಒಂದು ಬದಿಗೆ ಸರಿದರೆ ಪ್ಲಗ್ ಓಲಾಡದೆ ಮಗುಚುತ್ತದೆ, ಅರ್ಧ ಗಂಟೆ ಏನೂ ಕಚ್ಚದಿದ್ದರೆ ಅದನ್ನೇ ಮೊದಲು ನೋಡಬೇಕು.

ಹೊಸಬರು ಮೀನು ಕಳೆದುಕೊಳ್ಳುವುದು ಬಹುಪಾಲು ಒಂದೇ ಕಾರಣಕ್ಕೆ: ರಾಡ್ ತುದಿ ಎರಡು ಸಲ ಕುಕ್ಕಿದ ಕೂಡಲೇ ಹಿಡಿದೆಳೆಯುವುದು. ಕಿಂಗ್ ಮೊದಲು ಎರೆಯನ್ನು ಜಗಿದು ನೋಡುತ್ತದೆ. ಆಗ ಎಳೆದರೆ ಬಾಯಿಂದ ಕಿತ್ತು ಬರುತ್ತದೆ. ರಾಡ್ ಪೂರ್ತಿ ಬಾಗಿ ತುದಿ ನೀರಿನತ್ತ ಇಳಿದು, ರೀಲ್‌ನಿಂದ ದಾರ ಹೋಗತೊಡಗಿದ ಮೇಲೆ ಹಿಡಿಕೆಯಿಂದ ಎತ್ತಿ. ಅಲ್ಲಿಯವರೆಗೆ ಕೈ ಮಡಿಲಲ್ಲಿರಲಿ. ಎರಡನೆಯ ನಷ್ಟ ದೋಣಿಯ ಪಕ್ಕದಲ್ಲಿ: ಬಲೆ ಕಂಡ ಮೀನು ಮತ್ತೊಮ್ಮೆ ಓಡುತ್ತದೆ, ರೀಲ್ ಅನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದವರ ದಾರ ಅಲ್ಲೇ ತುಂಡಾಗುತ್ತದೆ.

ಉಪ್ಪು ಹಾಕಿ ಹದಗೊಳಿಸಿದ ಮೊಟ್ಟೆಗೊಂಚಲನ್ನು ತಳದಲ್ಲಿ ತೇಲಿಬಿಡುವ ಸೈಡ್ ಡ್ರಿಫ್ಟಿಂಗ್, ತೂಕವನ್ನು ತಳಕ್ಕೆ ತಟ್ಟುತ್ತ ಹೋಗುವ ಬ್ಯಾಕ್ ಬೌನ್ಸಿಂಗ್ ಇವೆರಡರಲ್ಲಿ ರಾಡ್ ಕೈಯಲ್ಲೇ. ಕಚ್ಚಿದ್ದು ತಿಳಿಯುವ ಸುಖ ಹೆಚ್ಚು, ಕಲ್ಲಿಗೂ ಮೀನಿಗೂ ವ್ಯತ್ಯಾಸ ತಿಳಿಯಲು ಅರ್ಧ ದಿನ ಬೇಕು. ಫ್ಲೈ ಗಾಳದಲ್ಲಿ ಕಿಂಗ್ ಬೇಕೆಂದರೆ ‘10 ವೇಟ್’ ಎನ್ನುವ ಭಾರಿ ಫ್ಲೈ ರಾಡ್, ಗಟ್ಟಿ ಭುಜ, ಮತ್ತು ಬರಿಗೈಲಿ ಮರಳುವ ತಯಾರಿ ಇರಬೇಕು.

ಸಾಲ್ಮನ್‌ಗೆ ಮೂಗು ಬಲು ಸೂಕ್ಷ್ಮ, ಮನುಷ್ಯನ ಚರ್ಮದ ಸೆರೀನ್ ಎಂಬ ಅಂಶವನ್ನೂ ಅದು ಗುರುತಿಸಿ ದೂರವಾಗುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಅಥವಾ ಚಿತ್ರಾನ್ನ ತಿಂದ ಕೈಯಲ್ಲಿ ಎರೆ ಮುಟ್ಟಬೇಡಿ, ಗೈಡ್ ಕೈಗವಸು ಹಾಕುವುದು ಸುಮ್ಮನಲ್ಲ. ಬುತ್ತಿಯಲ್ಲಿ ಬಾಳೆಹಣ್ಣೂ ಬೇಡ. ಅದಕ್ಕೆ ಕಾರಣ ಮೂಗಲ್ಲ, ದೋಣಿಗೆ ಬಾಳೆಹಣ್ಣು ಅಪಶಕುನ ಎಂದು ನಂಬುವ ಗೈಡ್‌ಗಳು ಇಂದಿಗೂ ಇದ್ದಾರೆ, ಇಡೀ ದಿನದ ಖಾಲಿ ಬಲೆಯ ಅಪವಾದ ನಿಮ್ಮ ಬುತ್ತಿಯ ಮೇಲೆ ಬರುತ್ತದೆ.

ದುಡ್ಡು ಮತ್ತು ಫೋನ್‌ನಲ್ಲಿ ಕೇಳಬೇಕಾದ್ದು

ಕೊಲಂಬಿಯಾದಲ್ಲಿ ಒಂದು ಸೀಟಿಗೆ ದಿನಕ್ಕೆ ಸುಮಾರು 225ರಿಂದ 325 ಡಾಲರ್. ಕಸಿಲೋಫ್‌ನ ಅರ್ಧ ದಿನ ಹೆಚ್ಚುಕಡಿಮೆ ಅಷ್ಟೇ. ಪುಲಾಸ್ಕಿಯಲ್ಲಿ ಸೀಟಿನ ಲೆಕ್ಕಕ್ಕಿಂತ ದೋಣಿಯ ಲೆಕ್ಕ ಹೆಚ್ಚು, ಇಬ್ಬರಿಗೆ 400ರಿಂದ 550. ನುಶಗ್ಯಾಕ್ ಶಿಬಿರ ಹಲವು ಸಾವಿರ ಡಾಲರ್, ಆಂಕರೇಜ್‌ವರೆಗಿನ ವಿಮಾನ ಬೇರೆ. ಇದರ ಮೇಲೆ ಗೈಡ್‌ಗೆ ಶೇಕಡಾ 15ರಿಂದ 20 ಟಿಪ್ ಅಲ್ಲಿಯ ರೂಢಿ. ಮೀನು ಸಿಗದ ದಿನವೂ ಕೊಡುತ್ತಾರೆ, ಅವನು ದುಡಿದಿದ್ದರೆ.

ಫೋನ್ ಮಾಡಿದಾಗ ಇಷ್ಟು ಕೇಳಿ:

- ತುರ್ತು ಆದೇಶದಿಂದ ನದಿ ಮುಚ್ಚಿದರೆ ಮುಂಗಡ ವಾಪಸ್ಸೋ, ಬೇರೆ ಮೀನಿಗೆ ಬದಲಾವಣೆಯೋ, ಮುಂದಿನ ವರ್ಷಕ್ಕೋ? ಉತ್ತರವನ್ನು ಬರಹದಲ್ಲಿ ಪಡೆಯಿರಿ.
- ಕಳೆದ ವರ್ಷ ಇದೇ ವಾರದಲ್ಲಿ ಇಡೀ ದೋಣಿಗೆ ದಿನಕ್ಕೆ ಎಷ್ಟು ಸಿಕ್ಕಿತು? ‘ಅತ್ಯುತ್ತಮ ದಿನ’ ಬೇಡ, ಸಾಮಾನ್ಯ ದಿನ ಹೇಳಲಿ.
- ನಿಮ್ಮ ದೋಣಿ ನಡೆಸುವವರು ನೀವೇನಾ, ಬೇರೆಯವರಿಗೆ ವಹಿಸುತ್ತೀರಾ?
- ಗ್ರಾಹಕರು ಇರುವಾಗ ನೀವೂ ಗಾಳ ಹಾಕುತ್ತೀರಾ?
- ಮೀನು ಶುಚಿ ಮಾಡಿ ಹೋಳು ಮಾಡಿಕೊಡುವುದು ದರದಲ್ಲಿ ಸೇರಿದೆಯೇ?

ಮೊದಲ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಉಳಿದವನ್ನು ಕೇಳುವ ಅಗತ್ಯವಿಲ್ಲ. ಎಂಜಿನ್ ದೋಣಿ ನಡೆಸುವವರಿಗೆ ಕರಾವಳಿ ಕಾವಲು ಪಡೆಯ ಪರವಾನಗಿ ಬೇಕು, ‘ಸಿಕ್ಸ್ ಪ್ಯಾಕ್’ ಎನ್ನುವ ಇದರಲ್ಲಿ ಹಣ ಕೊಟ್ಟ ಆರು ಜನರಷ್ಟೇ ಮಿತಿ. ಆರೆಗನ್‌ನ ಗೈಡ್ ರಾಜ್ಯದ ಮೆರೈನ್ ಬೋರ್ಡ್‌ನಲ್ಲಿ ನೋಂದಾಯಿಸಿರಬೇಕು, ನ್ಯೂಯಾರ್ಕ್‌ನವನಲ್ಲಿ ಪರವಾನಗಿ ಬ್ಯಾಡ್ಜ್ ಇರಬೇಕು. ತೋರಿಸಿ ಎಂದರೆ ಒಳ್ಳೆಯವರು ಬೇಸರಪಡುವುದಿಲ್ಲ.

ಪರವಾನಗಿ ನಿಮ್ಮದು ನೀವೇ ತೆಗೆಯಬೇಕು. ಅಲಾಸ್ಕಾದಲ್ಲಿ ಮೀನುಗಾರಿಕೆ ಪರವಾನಗಿ ಒಂದು, ಕಿಂಗ್ ಸ್ಟ್ಯಾಂಪ್ ಇನ್ನೊಂದು. ಸ್ಟ್ಯಾಂಪ್ ಇಲ್ಲದೆ ಕಿಂಗ್‌ಗೆ ಗಾಳ ಹಾಕುವಂತಿಲ್ಲ. ಹೊರರಾಜ್ಯದ, ಹೊರದೇಶದ ಮಕ್ಕಳಿಗೆ 16 ತುಂಬುವವರೆಗೆ ಪರವಾನಗಿ ಬೇಡ. ಆರೆಗನ್‌ನಲ್ಲಿ ಪರವಾನಗಿಯ ಜೊತೆ ಹಿಡಿದದ್ದನ್ನು ದಾಖಲಿಸುವ ಸಾಲ್ಮನ್ ಟ್ಯಾಗ್ ಮತ್ತು ಕೊಲಂಬಿಯಾ ಜಲಾನಯನದ ಹೆಚ್ಚುವರಿ ಅನುಮತಿ. ಇಟ್ಟುಕೊಂಡ ಮೀನನ್ನು ಕೂಡಲೇ ಕಾರ್ಡಿನಲ್ಲಿ ಅಥವಾ ಆ್ಯಪಿನಲ್ಲಿ ದಾಖಲಿಸಬೇಕು. ‘ದಡಕ್ಕೆ ಹೋಗಿ ಬರೆಯೋಣ’ ಎಂದವರಿಗೇ ದಂಡ ಬೀಳುವುದು. ಬಿಡಬೇಕಾದ ಕಿಂಗ್ ಅನ್ನು ನೀರಿನಿಂದ ಪೂರ್ತಿ ಎತ್ತುವುದು ಹಲವು ನದಿಗಳಲ್ಲಿ ಅಪರಾಧ. ಎದೆಗವಚಿ ನಿಂತ ಫೋಟೊ ಆಸೆ ಬಿಡಿ, ಬಲೆಯಲ್ಲೇ, ನೀರಲ್ಲೇ ತೆಗೆಯಿರಿ. ನೀರು 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ದಿನ ಬಿಟ್ಟ ಮೀನು ಬದುಕುವ ಸಂಭವವೂ ಕಡಿಮೆ, ಕಚ್ಚುವುದೂ ಕಡಿಮೆ. ಆ ದಿನ ಟ್ರಿಪ್ ಮುಂದೂಡಲು ಒಪ್ಪುವ ಗೈಡ್ ಒಳ್ಳೆಯವನು.

ಮನೆಗೆ ತರುವುದು

ಇಟ್ಟುಕೊಳ್ಳುವ ಮೀನಿನ ತಲೆಗೆ ಹೊಡೆದು, ಕಿವಿರು ಕತ್ತರಿಸಿ ರಕ್ತ ಬಸಿದು, ಆಮೇಲೆ ಐಸ್‌ಗೆ ಹಾಕಬೇಕು. ಕಿವಿರು ಕತ್ತರಿಸದೆ ದಾರದಲ್ಲಿ ಕಟ್ಟಿ ಸಂಜೆವರೆಗೆ ಎಳೆದಾಡಿದ ಮೀನಿನ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿ ವಾಸನೆ ನಿಲ್ಲುತ್ತದೆ, ಎಷ್ಟು ಹುಣಸೆ ಹಾಕಿದರೂ ಹೋಗುವುದಿಲ್ಲ. ದೋಣಿಯಲ್ಲಿ ಐಸ್ ಇದೆಯೇ ಎಂದು ಹತ್ತುವಾಗಲೇ ನೋಡಿ. ಹಸಿಯಾಗಿ ಅಥವಾ ಅರೆಬೆಂದದ್ದು ತಿನ್ನುವ ಆಸೆಯಿದ್ದರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟ ಮೇಲೆ, ಅದಕ್ಕೂ ಮೊದಲು ಬೇಡ. ಕಾಡು ಸಾಲ್ಮನ್‌ನಲ್ಲಿ ಹುಳು ಇರುವುದು ಸಾಮಾನ್ಯ.

ಅಲಾಸ್ಕಾದಿಂದ ವಿಮಾನದಲ್ಲಿ ತರುವುದಾದರೆ ಗಾಳಿ ತೆಗೆದ ಪೊಟ್ಟಣ ಮಾಡಿಸಿ, ಒಂದು ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಮೇಣದ ರಟ್ಟಿನ ಮೀನು ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯೂ ಸೇರಿ 50 ಪೌಂಡ್ ಮೀರದಿರಲಿ, ಮೀರಿದರೆ ಕೌಂಟರಿನಲ್ಲಿ ಕೊಡುವ ಹೆಚ್ಚುವರಿ ಶುಲ್ಕ ಮೀನಿನ ಬೆಲೆಯನ್ನೇ ಮುಟ್ಟಬಹುದು. ಡ್ರೈ ಐಸ್‌ಗೆ ಒಬ್ಬರಿಗೆ ಎರಡೂವರೆ ಕಿಲೋ ಮಿತಿಯಿದೆ, ಪೆಟ್ಟಿಗೆಯ ಮೇಲೆ ಬರೆದಿರಬೇಕು. ಮೀನು ಕಲ್ಲಿನಂತೆ ಹೆಪ್ಪುಗಟ್ಟಿದ್ದು ಪೆಟ್ಟಿಗೆ ತುಂಬಿದ್ದರೆ ಡ್ರೈ ಐಸ್ ಬೇಕಾಗುವುದೇ ಇಲ್ಲ. ಖಾಲಿ ಉಳಿದ ಜಾಗಕ್ಕೆ ಟವೆಲ್, ಸ್ವೆಟರ್ ತುರುಕಿದರೆ ಸಾಕು.